ದೊಡ್ಡದಕ್ಕೆ ದಾರಿ, ಚಿಕ್ಕದಕ್ಕೆ ತಡೆ

ಜ್ವರ ಬಿಟ್ಟವರಿಗೆ, ಬಿಸಿಲಲ್ಲಿ ದುಡಿದು ಬಸವಳಿದವರಿಗೆ, ವಾಂತಿಭೇದಿಯಾದವರಿಗೆ ನಮ್ಮ ಕರಾವಳಿಯಲ್ಲಿ ಮೊದಲು ಕೊಡುವುದು ಬೊಂಡದ ನೀರು. ಅದೇ ಬೊಂಡವನ್ನು ಡಯಾಲಿಸಿಸ್‌ಗೆ ಹೋಗುವವರು ಮುಟ್ಟಬಾರದು ಎನ್ನುತ್ತಾರೆ ಡಾಕ್ಟರು. ಬಾಳೆಹಣ್ಣನ್ನೂ ಲೆಕ್ಕ ಹಾಕಿ ತಿನ್ನಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿ ಹಿರಿಯರಿಗೆ ಇದು ಒಪ್ಪಿಕೊಳ್ಳಲು ಕಷ್ಟವಾದ ಪಥ್ಯ. ಹಿತ್ತಲಲ್ಲೇ ಬಿಟ್ಟ, ತಂಪು ಎಂದು ಹೆಸರಾದ ನೀರು ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ಕುತ್ತು ಹೇಗಾಗುತ್ತದೆ?

ಕಾರಣ ಪೊಟ್ಯಾಸಿಯಂ. 100 ಮಿಲಿಲೀಟರ್ ಬೊಂಡದ ನೀರಿನಲ್ಲಿ ಅದು ಸುಮಾರು 200ರಿಂದ 250 ಮಿಲಿಗ್ರಾಂ ಇರುತ್ತದೆ. ಮೂತ್ರಪಿಂಡ ಸರಿಯಿದ್ದರೆ ಹೆಚ್ಚಾದದ್ದನ್ನು ಅದು ಹೊರಗೆ ಕಳಿಸುತ್ತದೆ. ಸೋತ ಮೂತ್ರಪಿಂಡಕ್ಕೆ ಆ ಶಕ್ತಿಯಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕು. 6.5 ದಾಟಿತೆಂದರೆ ಹೃದಯದ ಬಡಿತ ತಾಳ ತಪ್ಪಬಹುದು, ನಿಂತೇ ಹೋಗುವ ಅಪಾಯವೂ ಇದೆ. ಇಷ್ಟು ಇಕ್ಕಟ್ಟಾದ ಗಡಿಯೊಳಗೆ ಬದುಕು ನಡೆಯುತ್ತಿರುವುದರಿಂದಲೇ ಲ್ಯಾಬಿನ ವರದಿಯಲ್ಲಿ ‘ಪೊಟ್ಯಾಸಿಯಂ’ ಎಂಬ ಸಾಲಿನ ಮುಂದಿರುವ ಸಂಖ್ಯೆಯನ್ನು ಡಾಕ್ಟರು ಮೊದಲು ನೋಡುತ್ತಾರೆ.

ಆ ಸಂಖ್ಯೆ ಬಂದದ್ದು ಎಲ್ಲಿಂದ? ಒಂದು ಹನಿ ರಕ್ತದ ದ್ರವಭಾಗದಲ್ಲಿ ಪೊಟ್ಯಾಸಿಯಂಗಿಂತ ಮೂವತ್ತು ಪಟ್ಟು ಹೆಚ್ಚು ಸೋಡಿಯಂ ಇರುತ್ತದೆ. ಎರಡೂ ಒಂದೇ ಕುಲದ ಲೋಹಗಳು, ನೀರಿನಲ್ಲಿ ಎರಡಕ್ಕೂ ಒಂದೊಂದು ಧನ ವಿದ್ಯುದಂಶ. ಈ ಗುಂಪಿನಿಂದ ಪೊಟ್ಯಾಸಿಯಂ ಒಂದನ್ನೇ ಗುರುತಿಸಿ ಎಣಿಸಬೇಕು. ಎಲೆಕ್ಟ್ರೋಲೈಟ್ ಅಳೆಯುವ ಯಂತ್ರದೊಳಗೆ ಈ ಕೆಲಸಕ್ಕೆಂದು ತೆಳುವಾದ ಪ್ಲಾಸ್ಟಿಕ್ ಪದರವೊಂದು ಇರುತ್ತದೆ. ಅದರೊಳಗೆ ಬೆರೆಸಿರುವುದು ವ್ಯಾಲಿನೊಮೈಸಿನ್ ಎಂಬ ಉಂಗುರದಂಥ ಅಣು. ಅದು ಪೊಟ್ಯಾಸಿಯಂ ಅನ್ನು ಮಾತ್ರ ಪದರದೊಳಕ್ಕೆ ಬರಗೊಡುತ್ತದೆ. ಪೊಟ್ಯಾಸಿಯಂ ಹತ್ತು ಪಟ್ಟು ಹೆಚ್ಚಿದರೆ ಪದರದ ಎರಡು ಬದಿಗಳ ನಡುವಿನ ವೋಲ್ಟೇಜ್ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ, ಯಂತ್ರ ಅದನ್ನು ಸಂಖ್ಯೆಯಾಗಿ ಓದುತ್ತದೆ. ಜ್ಯೂರಿಕ್‌ನ ವಿಲ್ಹೆಲ್ಮ್ ಸೈಮನ್ ಮತ್ತು ಅವರ ತಂಡ 1960ರ ದಶಕದ ಕೊನೆಯಲ್ಲಿ ಕಂಡುಕೊಂಡ ಈ ಉಪಾಯ ಇಂದು ತಾಲೂಕು ಮಟ್ಟದ ಲ್ಯಾಬಿನವರೆಗೂ ಬಂದಿದೆ.

ಈ ಲೇಖನಕ್ಕೆ ಕಾರಣ ಆ ಅಣುವೇ. ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹಾದುಹೋಗುವ ಕಿಂಡಿಯನ್ನು ಯಾರೂ ಕಂಡಿರದ ಕಾಲದಲ್ಲಿ, ಅದು ಹೇಗಿರಬಹುದು ಎಂದು ತಿಳಿಯಲು ರಸಾಯನಶಾಸ್ತ್ರಜ್ಞರು ಇಂಥ ಸಣ್ಣ ಅಣುಗಳನ್ನು ಮಾದರಿಯಾಗಿ ಇಟ್ಟುಕೊಂಡರು, ಕೆಲವನ್ನು ತಾವೇ ಕಟ್ಟಿದರು. ಈ ಕಥೆ ಹೇಳುವಾಗ ಎಲ್ಲರೂ ಆ ಕಿಂಡಿಯ ರಚನೆ ಬಿಡಿಸಿದ್ದಕ್ಕೆ ಸಿಕ್ಕ 2003ರ ನೊಬೆಲ್ ಬಹುಮಾನದಿಂದ ಶುರುಮಾಡುತ್ತಾರೆ. ಅದಕ್ಕಿಂತ ಹಿಂದಿನ ಮೂವತ್ತು ವರ್ಷಗಳ ಕೆಲಸ, ಅದರಲ್ಲೂ ಬೆಂಗಳೂರಿನಲ್ಲಿ ಆದದ್ದು, ಮರೆಗೆ ಸರಿಯುತ್ತದೆ.

ಮೊದಲು ಒಗಟನ್ನು ಸರಿಯಾಗಿ ನೋಡೋಣ. ನಮ್ಮ ದೇಹದ ಪ್ರತಿ ಕೋಶದ ಒಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್ ಇದೆ. ಹೊರಗಿನ ರಕ್ತದಲ್ಲಿ ನಾಲ್ಕೋ ಐದೋ. ಸೋಡಿಯಂ ಇದರ ತಿರುಗುಮುರುಗು. ಸಿರಿಂಜಿನಲ್ಲಿ ರಕ್ತ ಎಳೆಯುವಾಗ ಕೆಂಪುಕಣಗಳು ಒಡೆದರೆ, ಅಥವಾ ಮಾದರಿ ದೂರದ ಲ್ಯಾಬಿಗೆ ಹೋಗಿ ಬಹಳ ಹೊತ್ತು ಕುಳಿತರೆ, ಒಳಗಿನ ಪೊಟ್ಯಾಸಿಯಂ ಹೊರಗೆ ಸೋರಿ ವರದಿ ಸುಳ್ಳೇ ಏರುತ್ತದೆ. ಅಂಥ ವರದಿ ಬಂದಾಗ ಡಾಕ್ಟರು ಗಾಬರಿ ಬೀಳದೆ ಇನ್ನೊಮ್ಮೆ ರಕ್ತ ಕೊಡಿ ಎನ್ನುವುದು ಇದಕ್ಕೇ. ಒಳಹೊರಗಿನ ಈ ಏರುಪೇರನ್ನು ಹಗಲಿರುಳು ಕಾಯುವ ಒಂದು ಪಂಪು ಕೋಶದ ಪೊರೆಯಲ್ಲಿದೆ: ಮೂರು ಸೋಡಿಯಂ ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೋ 1957ರಲ್ಲಿ ಅದನ್ನು ಪತ್ತೆಮಾಡಿದರು. ಪಂಪು ಕೂಡಿಟ್ಟದ್ದನ್ನು ಅಳತೆಯರಿತು ಹೊರಬಿಡುವುದು ಪೊಟ್ಯಾಸಿಯಂ ಚಾನೆಲ್‌ಗಳು. ಹೊರಗೆ ಹೋದ ಪ್ರತಿ ಪೊಟ್ಯಾಸಿಯಂ ಒಂದು ಧನ ವಿದ್ಯುದಂಶವನ್ನು ಕೊಂಡೊಯ್ಯುವುದರಿಂದ ಕೋಶದ ಒಳಭಾಗ ಋಣವಾಗುತ್ತದೆ. ನರದ ಸಂದೇಶ, ಸ್ನಾಯುವಿನ ಸೆಳೆತ, ಹೃದಯದ ಬಡಿತ ಎಲ್ಲವೂ ಈ ವೋಲ್ಟೇಜನ್ನು ನಂಬಿಕೊಂಡಿವೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಒಳಹೊರಗಿನ ಅಂತರ ತಗ್ಗಿ ವೋಲ್ಟೇಜ್ ಕುಸಿಯುತ್ತದೆ. ಬೊಂಡ ಕುತ್ತಾಗುವುದು ಹೀಗೆ.

ಒಂದೊಂದು ಚಾನೆಲ್ ಸೆಕೆಂಡಿಗೆ ಹತ್ತು ಕೋಟಿಯಷ್ಟು ಪೊಟ್ಯಾಸಿಯಂ ಅಯಾನುಗಳನ್ನು, ಎಂದರೆ ವಿದ್ಯುದಂಶ ಹೊತ್ತ ಪರಮಾಣುಗಳನ್ನು, ದಾಟಿಸಬಲ್ಲದು. ಅಷ್ಟು ಅವಸರದಲ್ಲೂ ಸೋಡಿಯಂಗಿಂತ ಪೊಟ್ಯಾಸಿಯಂಗೆ ಸಾವಿರ ಪಟ್ಟಿಗೂ ಮಿಕ್ಕಿ ಒಲವು ತೋರಿಸುತ್ತದೆ. ವಿಚಿತ್ರವೆಂದರೆ ಎರಡರಲ್ಲಿ ಸೋಡಿಯಂ ಚಿಕ್ಕದು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ನ್ಯಾನೊಮೀಟರ್. ಪೊಟ್ಯಾಸಿಯಂ ಅಯಾನಿನ ಅಡ್ಡಳತೆ 0.27 ನ್ಯಾನೊಮೀಟರ್, ಸೋಡಿಯಂನದು 0.19. ದೊಡ್ಡದು ನುಗ್ಗುವ ಕಿಂಡಿಯಲ್ಲಿ ಚಿಕ್ಕದು ಸಿಕ್ಕಿಬೀಳುವುದುಂಟೇ? ಜರಡಿಯ ತರ್ಕ ಇಲ್ಲಿ ನಡೆಯುವುದಿಲ್ಲ.

ನೀರಿನಲ್ಲಿರುವ ಯಾವ ಅಯಾನೂ ಬರಿಮೈಯಲ್ಲಿ ಇರುವುದಿಲ್ಲ ಎಂಬುದನ್ನು ಗಮನಿಸಿದರೆ ಒಗಟು ಸಡಿಲವಾಗುತ್ತದೆ. ನೀರಿನ ಅಣುವಿನ ಆಮ್ಲಜನಕದ ಕಡೆಗೆ ತುಸು ಋಣ ವಿದ್ಯುತ್ ಇದೆ. ಧನ ಅಯಾನಿನ ಸುತ್ತ ಆ ಅಣುಗಳು ಮುತ್ತಿಕೊಳ್ಳುತ್ತವೆ. ನಟ್ಟಿಯ ಹೊತ್ತಿಗೆ ನಮ್ಮ ಹೆಂಗಸರು ಮಳೆ ತಡೆಯಲು ಗೊರಬು ಹೊದ್ದು ಗದ್ದೆಗಿಳಿಯುತ್ತಿದ್ದರಲ್ಲ, ಹಾಗೆ. ಗೊರಬು ಹೊದ್ದೇ ಇಕ್ಕಟ್ಟಾದ ಬಾಗಿಲಲ್ಲಿ ನುಗ್ಗಲಾಗದು, ಕಳಚಬೇಕು. ಮಳೆಯಲ್ಲಿ ಅದನ್ನು ಕಳಚುವುದು ಒಳಗಿನ ಮಾಡು ಸೋರುವುದಿಲ್ಲ ಎಂಬ ಖಾತ್ರಿ ಇದ್ದಾಗ ಮಾತ್ರ. ಪೊಟ್ಯಾಸಿಯಂ ಚಾನೆಲ್‌ನ ಕಿರಿದಾದ ಭಾಗದಲ್ಲಿ ಆಮ್ಲಜನಕದ ಪರಮಾಣುಗಳು ಸಾಲಾಗಿ ಒಳಮುಖವಾಗಿವೆ. ನೀರು ಕಳಚಿ ಬಂದ ಪೊಟ್ಯಾಸಿಯಂಗೆ ನೀರಿನಲ್ಲಿ ಸಿಗುತ್ತಿದ್ದ ಆಸರೆಯಷ್ಟೇ ಆಸರೆ ಅಲ್ಲೂ ಸಿಗುತ್ತದೆ, ಕಳೆದುಕೊಂಡದ್ದು ಏನೂ ಇಲ್ಲ. ಸೋಡಿಯಂ ಚಿಕ್ಕದಾದ್ದರಿಂದ ಅದರ ವಿದ್ಯುತ್ ಒತ್ತಾಗಿದೆ, ನೀರನ್ನು ಅದು ಹೆಚ್ಚು ಬಿಗಿಯಾಗಿ ಹಿಡಿದಿರುತ್ತದೆ. ಒಂದು ಮೋಲ್ ಪೊಟ್ಯಾಸಿಯಂನಿಂದ ನೀರನ್ನೆಲ್ಲ ಬಿಡಿಸಲು ಸುಮಾರು 80 ಕಿಲೋಕ್ಯಾಲರಿ ಬೇಕು, ಸೋಡಿಯಂಗೆ ಸುಮಾರು 98. ಅಷ್ಟು ಖರ್ಚು ಮಾಡಿ ಒಳಗೆ ಬಂದರೆ ಅಲ್ಲಿನ ಆಮ್ಲಜನಕಗಳು ಅದರ ಪುಟ್ಟ ಮೈಗೆ ಸರಿಯಾಗಿ ತಾಗುವುದಿಲ್ಲ. ನಷ್ಟದ ವ್ಯವಹಾರ. ಹಾಗಾಗಿ ಸೋಡಿಯಂ ಹೊರಗೇ ಉಳಿಯುತ್ತದೆ.

ಇಷ್ಟನ್ನು ಇವತ್ತು ಸಲೀಸಾಗಿ ಹೇಳುತ್ತೇವೆ. 1955ರಲ್ಲಿ ಕೇಂಬ್ರಿಡ್ಜಿನ ಅಲನ್ ಹಾಡ್ಜ್‌ಕಿನ್ ಮತ್ತು ರಿಚರ್ಡ್ ಕೀನ್ಸ್ ಕೈಯಲ್ಲಿ ಇದ್ದದ್ದು ಒಂದು ಜಾತಿಯ ಬೊಂಡಾಸಿನಂಥ ಕಡಲಜೀವಿಯ ನರ ಮತ್ತು ವಿಕಿರಣ ಸೂಸುವ ಪೊಟ್ಯಾಸಿಯಂ. ಅಳತೆಗಳನ್ನು ಕೂಡಿ ಕಳೆದು ಅವರು ಹೇಳಿದ್ದು ಇಷ್ಟೇ: ಅಯಾನುಗಳು ಒಂದರ ಹಿಂದೊಂದು ಸಾಲಾಗಿ ಯಾವುದೋ ಇಕ್ಕಟ್ಟಾದ ದಾರಿಯಲ್ಲಿ ಹೋಗುತ್ತಿರಬೇಕು. ಆ ದಾರಿ ಯಾವುದರಿಂದ ಆದದ್ದು, ಅದರ ಗೋಡೆಯಲ್ಲಿ ಏನಿದೆ, ಯಾರಿಗೂ ತಿಳಿಯದು. ಚಾನೆಲ್ ಪೊರೆಯೊಳಗೆ ಹುದುಗಿದ ದೊಡ್ಡ ಪ್ರೋಟೀನು, ಹೊರಗೆ ತೆಗೆದರೆ ಮುದುಡಿ ಕೆಡುತ್ತದೆ. ಅದು ಕೈಗೆ ಸಿಗುವವರೆಗೆ ಕಾಯುವ ಬದಲು, ಅದೇ ಕೆಲಸ ಮಾಡುವ ಸಣ್ಣ ಅಣು ಸಿಕ್ಕರೆ ಅದನ್ನು ಬಿಚ್ಚಿ ನೋಡಬಹುದಲ್ಲ ಎಂಬ ಯೋಚನೆ ಹುಟ್ಟಿದ್ದು ಆಗ.

ವ್ಯಾಲಿನೊಮೈಸಿನ್ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ 1955ರಲ್ಲೇ ಸಿಕ್ಕಿತ್ತು. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಯಲ್ಲಿ ಈ ಕುಲದ ಬ್ಯಾಕ್ಟೀರಿಯಾಗಳದ್ದೇ ದೊಡ್ಡ ಪಾಲು. ಮಾಸ್ಕೊದ ಶೆಮ್ಯಾಕಿನ್ ಅವರ ತಂಡ 1963ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ಕಟ್ಟಿ ಅದರ ನಿಜ ರಚನೆ ಯಾವುದೆಂದು ತೋರಿಸಿತು. ಮರುವರ್ಷ ಅಮೆರಿಕದ ಮೂರ್ ಮತ್ತು ಪ್ರೆಸ್‌ಮನ್, ಅದು ಪೊಟ್ಯಾಸಿಯಂ ಅನ್ನು ಪೊರೆ ದಾಟಿಸುತ್ತದೆ, ಸೋಡಿಯಂ ಅನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ ಎಂದು ಕಂಡರು. ಹನ್ನೆರಡು ಕೊಂಡಿಗಳ ಈ ಉಂಗುರ ಪೊಟ್ಯಾಸಿಯಂ ಸಿಕ್ಕೊಡನೆ ಬಳುಕಿ ಮಡಚಿಕೊಂಡು ಆರು ಆಮ್ಲಜನಕಗಳನ್ನು ಒಳಕ್ಕೆ ತಿರುಗಿಸುತ್ತದೆ, ಎಣ್ಣೆಯಂಥ ಮೈಯನ್ನು ಹೊರಕ್ಕೆ ಇಟ್ಟುಕೊಳ್ಳುತ್ತದೆ. ಆ ಆರರ ನಡುವೆ ಪೊಟ್ಯಾಸಿಯಂ ಹಿತವಾಗಿ ಕೂರುತ್ತದೆ. ಸೋಡಿಯಂಗಾಗಿ ಉಂಗುರ ಇನ್ನಷ್ಟು ಕುಗ್ಗಲಾರದು.

ಒಂದು ಕವಲು ಮಾತು, ಅನ್ನ ಉಣ್ಣುವ ಊರಿನವರಿಗೆ ಬೇಕಾದದ್ದು. ಬೇಯಿಸಿದ ಅನ್ನವನ್ನು ಬಹಳ ಹೊತ್ತು ಹೊರಗೇ ಇಟ್ಟರೆ ಅದರಲ್ಲಿ ಬೆಳೆಯಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಕೆಲವು ಬಗೆಗಳು ಸೆರ್ಯುಲೈಡ್ ಎಂಬ ವಿಷ ತಯಾರಿಸುತ್ತವೆ. ಅದು ವ್ಯಾಲಿನೊಮೈಸಿನ್‌ನ ಹತ್ತಿರದ ನೆಂಟ. ಅದೂ ಹನ್ನೆರಡು ಕೊಂಡಿಗಳ ಉಂಗುರ, ಅದೂ ಪೊಟ್ಯಾಸಿಯಂ ಸಾಗಿಸುವಂಥದ್ದು. ಹೊಟ್ಟೆಗೆ ಹೋದರೆ ಕೆಲವೇ ಗಂಟೆಗಳಲ್ಲಿ ವಾಂತಿ. ಮತ್ತೆ ಕುದಿಸಿದರೂ ಈ ಉಂಗುರ ಮುರಿಯುವುದಿಲ್ಲ. ಆದ್ದರಿಂದ ಉಳಿದ ಅನ್ನವನ್ನು ಬೇಗ ತಣಿಸಿ ಫ್ರಿಜ್ಜಿನಲ್ಲಿ ಇಡಬೇಕು. ರಾತ್ರಿ ಚೆನ್ನಾಗಿ ಬಿಸಿ ಮಾಡಿದರಾಯಿತು ಎಂಬ ಧೈರ್ಯ ಸಲ್ಲದು.

ಈಗ ಬೆಂಗಳೂರಿಗೆ ಬರೋಣ. 1971ರಲ್ಲಿ ಜಿ.ಎನ್. ರಾಮಚಂದ್ರನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ರಾಮಚಂದ್ರನ್ ಎಂದರೆ ಕಾಲಜನ್ನಿನ ಮೂರೆಳೆ ಮತ್ತು 1963ರ ರಾಮಚಂದ್ರನ್ ನಕ್ಷೆ ಎಂದಷ್ಟೇ ಪಠ್ಯಪುಸ್ತಕ ಹೇಳುತ್ತದೆ. 1972ರಲ್ಲಿ ಅವರೂ ಆರ್. ಚಂದ್ರಶೇಖರನ್ ಅವರೂ ಪ್ರಕಟಿಸಿದ ಒಂದು ಕೆಲಸ ನಮ್ಮ ವಿಷಯಕ್ಕೆ ನೇರವಾಗಿ ಸೇರುತ್ತದೆ. ಪ್ರೋಟೀನಿನ ಕೊಂಡಿಗಳಾದ ಅಮೈನೋ ಆಮ್ಲಗಳು ಎಡ ಮತ್ತು ಬಲ ಎಂದು ಎರಡು ಬಗೆಯಲ್ಲಿ ಇರಬಲ್ಲವು. ಜೀವಿಗಳ ಪ್ರೋಟೀನುಗಳಲ್ಲಿ ಇರುವುದು ಎಡಬಗೆ. ರೆನೆ ಡ್ಯುಬೊ 1939ರಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದ ಗ್ರಾಮಿಸಿಡಿನ್ ಎಂಬ 15 ಕೊಂಡಿಗಳ ಸರಪಳಿಯಲ್ಲಿ ಮಾತ್ರ ಎಡ, ಬಲ, ಎಡ, ಬಲ ಎಂದು ಪಾಳಿ. ಇಂಥ ಪಾಳಿಯ ಸರಪಳಿ ಹೇಗೆಲ್ಲ ಸುತ್ತಿಕೊಳ್ಳಬಹುದು ಎಂದು ರಾಮಚಂದ್ರನ್ ಮತ್ತು ಚಂದ್ರಶೇಖರನ್ ಕೋನಗಳ ಲೆಕ್ಕ ಹಾಕಿ ತೋರಿಸಿದರು. ಅಮೆರಿಕದ ಡ್ಯಾನ್ ಉರಿ ಅದೇ ಹೊತ್ತಿಗೆ, 1971ರಲ್ಲಿ, ಗ್ರಾಮಿಸಿಡಿನ್‌ಗೆ ನಡುವೆ ಟೊಳ್ಳಿರುವ ಸುರುಳಿಯ ರೂಪವನ್ನು ಸೂಚಿಸಿದ್ದರು. ಆ ಸುರುಳಿಯ ಹೊರಮೈಯಲ್ಲಿ ಎಣ್ಣೆಯಂಥ ಗುಂಪುಗಳು, ಒಳಮೈಯಲ್ಲಿ ಆಮ್ಲಜನಕಗಳು. ಎರಡು ಸುರುಳಿಗಳು ತುದಿಗೆ ತುದಿ ಸೇರಿದರೆ ಪೊರೆಯ ಈ ಬದಿಯಿಂದ ಆ ಬದಿಗೆ ಒಂದು ಕೊಳವೆ ತೆರೆಯುತ್ತದೆ. ಇದೇ ಸರಿಯೆಂದು ಮುಂದೆ ಗಟ್ಟಿಯಾಯಿತು. ಕೆಲವು ಕಣ್ಣಿನ ಹನಿಗಳಲ್ಲಿ ಈ ಗ್ರಾಮಿಸಿಡಿನ್ ಇಂದಿಗೂ ಇದೆ, ಬ್ಯಾಕ್ಟೀರಿಯಾಗಳ ಪೊರೆ ಕೊರೆದು ಅವನ್ನು ಕೊಲ್ಲುತ್ತದೆ.

ಹೀಗೆ ಎರಡು ಮಾದರಿಗಳು ಪಕ್ಕಪಕ್ಕದಲ್ಲಿ ನಿಂತವು, ಒಂದಕ್ಕಿದ್ದದ್ದು ಇನ್ನೊಂದಕ್ಕಿಲ್ಲ. ವ್ಯಾಲಿನೊಮೈಸಿನ್ ಬಲು ಚೊಕ್ಕವಾಗಿ ಆರಿಸುತ್ತದೆ, ಆದರೆ ಅದು ಅಯಾನನ್ನು ಹೊತ್ತು ಪೊರೆಯೊಳಗೆ ಅತ್ತಿಂದಿತ್ತ ಓಡಾಡಬೇಕು. ಸೆಕೆಂಡಿಗೆ ಹತ್ತು ಸಾವಿರದ ಆಸುಪಾಸು. ಗ್ರಾಮಿಸಿಡಿನ್ ಕೊಳವೆಯಾದ್ದರಿಂದ ಸೆಕೆಂಡಿಗೆ ಕೋಟಿಯಷ್ಟನ್ನು ಬಿಡುತ್ತದೆ, ಆದರೆ ಸೋಡಿಯಂ ಪೊಟ್ಯಾಸಿಯಂ ಎಂಬ ಭೇದವನ್ನು ಅಷ್ಟಾಗಿ ಮಾಡುವುದಿಲ್ಲ. ಬಿಗಿಯಾಗಿ ಹಿಡಿದರೆ ವೇಗ ಹೋಗುತ್ತದೆ, ಸಡಿಲ ಬಿಟ್ಟರೆ ಆಯ್ಕೆ ಹೋಗುತ್ತದೆ. ಜೀವಕೋಶದ ಚಾನೆಲ್ ಎರಡನ್ನೂ ಒಟ್ಟಿಗೆ ಸಾಧಿಸಿದೆ. ನಿಜವಾದ ಪ್ರಶ್ನೆ ಏನೆಂದು ನಿಚ್ಚಳವಾದದ್ದು ಈ ಎರಡು ಸಣ್ಣ ಅಣುಗಳ ಅರೆಕೊರೆಗಳಿಂದ.

ಬೆಂಗಳೂರಿನ ಅದೇ ಯೂನಿಟ್‌ನಲ್ಲಿ ಕೆ.ಆರ್.ಕೆ. ಈಶ್ವರನ್ ವರ್ಷಗಟ್ಟಲೆ ವ್ಯಾಲಿನೊಮೈಸಿನ್ ಹಿಂದೆ ಬಿದ್ದರು. ಬೇರೆ ಬೇರೆ ಲೋಹಗಳನ್ನು ಕೊಟ್ಟರೆ ಉಂಗುರ ಹೇಗೆ ಬಳುಕುತ್ತದೆ ಎಂದು ನೋಡುತ್ತಾ ಹೋದರು. ಬೇರಿಯಂ ಸರದಿ ಬಂತು. ಬೇರಿಯಂ ಅಯಾನಿನ ಗಾತ್ರ ಪೊಟ್ಯಾಸಿಯಂನಷ್ಟೇ. ವಿದ್ಯುದಂಶ ಮಾತ್ರ ಒಂದರ ಬದಲು ಎರಡು. ಗಾತ್ರವೇ ಎಲ್ಲವೂ ಆಗಿದ್ದರೆ ಬೇರಿಯಂ ಕೂಡ ಅದೇ ಆರು ಆಮ್ಲಜನಕಗಳ ನಡುವೆ ಕೂರಬೇಕಿತ್ತು. ದೇವರಾಜನ್, ನಾಯರ್, ಈಶ್ವರನ್ ಹಾಗೂ ಎಂ. ವಿಜಯನ್ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸ್ಫಟಿಕ ರಚನೆಯಲ್ಲಿ ಕಂಡದ್ದೇ ಬೇರೆ. ಮಡಚಿಕೊಂಡಿದ್ದ ಉಂಗುರ ಪೂರ್ತಿ ಬಿಚ್ಚಿ ಅಂಡಾಕಾರವಾಗಿ ಹರಡಿಕೊಂಡಿತ್ತು, ಅದರೊಳಗೆ ಎರಡೆರಡು ಬೇರಿಯಂ. ಅಳತೆ ಒಂದೇ ಇದ್ದರೂ ಅಣು ಎರಡು ಅಯಾನುಗಳಿಗೆ ಎರಡು ಬಗೆಯಲ್ಲಿ ಸ್ಪಂದಿಸಿತು. ಆಯ್ಕೆ ಎಂಬುದು ಕಲ್ಲಿನಲ್ಲಿ ಕೊರೆದ ಗುಳಿಯ ಅಳತೆಯಿಂದ ಮಾತ್ರ ಆಗುವುದಿಲ್ಲ, ಅಯಾನನ್ನು ನೋಡಿ ಅಣುವೂ ಬದಲಾಗುತ್ತದೆ. ಈ ಪ್ರಬಂಧದ ಮಹತ್ವ ಇರುವುದು ಅಲ್ಲಿ. ಇದರ ಬಗ್ಗೆ ಕನ್ನಡದಲ್ಲಿ ಇನ್ನಷ್ಟು ಬರೆಯಬೇಕಿತ್ತು.

ಅತ್ತ ಪೂರ್ತಿ ಕೈಯಾರೆ ಕಟ್ಟಿದ ಮಾದರಿಯ ಕಥೆ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ನಡೆದಿತ್ತು. ಕೊರಿಯಾದಲ್ಲಿ ಹುಟ್ಟಿ, ಪಿಎಚ್.ಡಿ. ಮಾಡದೆಯೇ ಕಂಪನಿ ಸೇರಿದ್ದ ಚಾರ್ಲ್ಸ್ ಪೆಡರ್ಸನ್ ಬೇರೇನನ್ನೋ ಮಾಡಹೊರಟಾಗ ಪಾತ್ರೆಯಲ್ಲಿ ಒಂದಿಷ್ಟೇ ಇಷ್ಟು ಬೆಳ್ಳನೆಯ ಎಳೆಯೆಳೆ ಹರಳು ಉಳಿಯಿತು. ಮದ್ಯಸಾರದಲ್ಲಿ ಕರಗದ ಆ ಹರಳು ಸೋಡಿಯಂ ಲವಣ ಸೇರಿಸಿದರೆ ಕರಗುತ್ತಿತ್ತು. ಕಸವೆಂದು ಚೆಲ್ಲದೆ ಬೆನ್ನುಹತ್ತಿದ ಪೆಡರ್ಸನ್ 1967ರಲ್ಲಿ ಕ್ರೌನ್ ಈಥರ್‌ಗಳನ್ನು ಲೋಕಕ್ಕೆ ತಿಳಿಸಿದರು: ಇಂಗಾಲ ಮತ್ತು ಆಮ್ಲಜನಕಗಳ ಉಂಗುರಗಳು. ಆರು ಆಮ್ಲಜನಕಗಳಿರುವ 18-ಕ್ರೌನ್-6 ಪೊಟ್ಯಾಸಿಯಂಗೆ ಒಪ್ಪುತ್ತದೆ, ಐದಿರುವ 15-ಕ್ರೌನ್-5 ಸೋಡಿಯಂಗೆ. ಅಂದಾಜಿಗೆ ಹೀಗೆಂದು ಕಾಲೇಜಿನಲ್ಲಿ ಕಲಿಸುತ್ತಾರೆ. ಡೊನಾಲ್ಡ್ ಕ್ರ್ಯಾಮ್, ಜಾನ್-ಮಾರಿ ಲೆನ್ ಜೊತೆ ಪೆಡರ್ಸನ್‌ಗೆ 1987ರ ನೊಬೆಲ್ ಬಂತು. ಮುಂದೆ ಜಾರ್ಜ್ ಗೋಕೆಲ್ ಮೂರು ಕ್ರೌನ್ ಉಂಗುರಗಳನ್ನು ಇಂಗಾಲದ ಸರಪಳಿಯಲ್ಲಿ ಪೋಣಿಸಿ ಪೊರೆಯಲ್ಲಿ ನಿಲ್ಲಿಸಿ ಅಯಾನು ದಾಟಿಸಿದರು.

1998ರಲ್ಲಿ ನಿಜವಾದ ಚಾನೆಲ್ ಕಣ್ಣಿಗೆ ಬಿತ್ತು. ವೈದ್ಯರಾಗಿ ತರಬೇತಾಗಿದ್ದ ರಾಡ್ರಿಕ್ ಮ್ಯಾಕಿನನ್ ನಡುವಯಸ್ಸಿನ ಹೊತ್ತಿಗೆ ಸ್ಫಟಿಕ ವಿಜ್ಞಾನ ಕಲಿತು, ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಕೆಸಿಎಸ್‌ಎ ಎಂಬ ಪೊಟ್ಯಾಸಿಯಂ ಚಾನೆಲ್‌ನ ಚಿತ್ರ ಬಿಡಿಸಿದರು. ಅದೂ ಸಿಕ್ಕಿದ್ದು ಸ್ಟ್ರೆಪ್ಟೊಮೈಸಿಸ್ ಕುಲದಿಂದಲೇ. ನಾಲ್ಕು ತುಂಡುಗಳು ಸುತ್ತ ನಿಂತು ನಡುವೆ 1.2 ನ್ಯಾನೊಮೀಟರ್ ಉದ್ದದ ಇಕ್ಕಟ್ಟಾದ ದಾರಿ, ಅದರ ಗೋಡೆಯುದ್ದಕ್ಕೂ ಆಮ್ಲಜನಕ. ಒಂದೊಂದು ಪೊಟ್ಯಾಸಿಯಂ ಸುತ್ತ ಎಂಟು. ಸಣ್ಣ ಅಣುಗಳನ್ನು ಅಷ್ಟು ಕಾಲ ನೋಡಿಕೊಂಡು ಬಂದವರಿಗೆ ಆ ಗೋಡೆ ಪರಿಚಿತವಾಗಿಯೇ ಕಂಡಿರಬೇಕು. ವೇಗ ಮತ್ತು ಆಯ್ಕೆಯ ಜಗಳ ಬಗೆಹರಿದದ್ದು ಹೀಗೆ: ದಾರಿಯಲ್ಲಿ ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಪೊಟ್ಯಾಸಿಯಂ ಇರುತ್ತದೆ. ಎಲ್ಲವೂ ಧನವಾದ್ದರಿಂದ ಒಂದನ್ನೊಂದು ದೂಡುತ್ತವೆ. ಗೋಡೆ ಎಷ್ಟೇ ಆದರದಿಂದ ಹಿಡಿದುಕೊಂಡರೂ ಹಿಂದಿನದು ಬಂದೊಡನೆ ಮುಂದಿನದು ಆ ಬದಿಗೆ ಜಿಗಿಯಲೇಬೇಕು. ಕೇಂಬ್ರಿಡ್ಜಿನವರು 1955ರಲ್ಲಿ ಹೇಳಿದ ಸಾಲು ಇದೇ.

ಮ್ಯಾಕಿನನ್ ಚಿತ್ರದಿಂದ ಎಲ್ಲವೂ ಮುಗಿಯಿತು ಎಂದು ಬರೆಯುವವರಿದ್ದಾರೆ. ಮುಗಿದಿಲ್ಲ. ದಾರಿಯ ಅಗಲ ಪೊಟ್ಯಾಸಿಯಂಗೆ ಸರಿಯಾಗಿ ಹೊಂದುತ್ತದೆ, ಅಷ್ಟೇ ಗುಟ್ಟು ಎಂಬ ವಿವರಣೆಯನ್ನು 2004ರಲ್ಲಿ ಬೆನ್ವಾ ರೂ ಮತ್ತು ಜೊತೆಗಾರರು ಪ್ರಶ್ನಿಸಿದರು. ಪ್ರೋಟೀನು ಕಲ್ಲಲ್ಲ; ದೇಹದ ಬಿಸಿಯಲ್ಲಿ ಅದರ ಪರಮಾಣುಗಳು ಸದಾ ನಡುಗುತ್ತಿರುತ್ತವೆ. ಆ ನಡುಕದ ಅಳತೆಯೇ ಸೋಡಿಯಂ ಮತ್ತು ಪೊಟ್ಯಾಸಿಯಂ ನಡುವಿನ ಗಾತ್ರದ ವ್ಯತ್ಯಾಸಕ್ಕಿಂತ ಹೆಚ್ಚು. ಹಾಗಿರುವಾಗ ಗೋಡೆ ಸೋಡಿಯಂಗಾಗಿ ತುಸು ಒಳಸರಿಯಬಹುದಿತ್ತಲ್ಲ? ಗೋಡೆಯ ಆಮ್ಲಜನಕಗಳು ಪರಸ್ಪರ ಒಂದನ್ನೊಂದು ದೂಡುವ ಬಲವೂ ಲೆಕ್ಕಕ್ಕೆ ಬರಬೇಕು ಎಂಬುದು ಅವರ ವಾದ. ದಾರಿಯಲ್ಲಿ ಸಾಲುಗಟ್ಟಿದ ಪೊಟ್ಯಾಸಿಯಂಗಳ ನಡುವೆ ನೀರಿನ ಅಣು ಇರುತ್ತದೆಯೇ ಅಥವಾ ಅವು ನೇರವಾಗಿ ಒಂದನ್ನೊಂದು ದೂಡುತ್ತವೆಯೇ ಎಂಬ ಚರ್ಚೆ 2014ರ ನಂತರ ಮತ್ತೆ ಬಿಸಿಯೇರಿದೆ.

ಮಾದರಿಗಳು ಮತ್ತೆ ಕೆಲಸಕ್ಕೆ ಬಂದದ್ದು ಇಲ್ಲಿ. ಫ್ರಾನ್ಸಿನ ಮೋಪೆಲಿಯೆಯಲ್ಲಿ ಮಿಹಾಯಿಲ್ ಬಾರ್ಬೊಯು ತಂಡ 15-ಕ್ರೌನ್-5 ಉಂಗುರಕ್ಕೆ ಯೂರಿಯಾ ಗುಂಪು ಮತ್ತು ಎಣ್ಣೆಯಂಥ ಬಾಲ ಸೇರಿಸಿತು. ಅಣುಗಳು ಪೊರೆಯಲ್ಲಿ ತಾವೇ ಪೇರಿಸಿಕೊಂಡು ದಾರಿಯಾದವು. ಕಾಲೇಜಿನ ಪಾಠದಂತೆ ಈ ಉಂಗುರ ಸೋಡಿಯಂಗೆ ಒಪ್ಪಬೇಕಿತ್ತು. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ದಾಟಿದ್ದು ಮುಖ್ಯವಾಗಿ ಪೊಟ್ಯಾಸಿಯಂ. ಒಂದೇ ಉಂಗುರದ ನಡುವೆ ಕೂರಲಾಗದ ಪೊಟ್ಯಾಸಿಯಂ ಎರಡು ಉಂಗುರಗಳ ಮಧ್ಯೆ ನೆಮ್ಮದಿಯಾಗಿ ಕೂರುತ್ತದೆ. ಒಂಟಿ ಉಂಗುರದ ಅಳತೆಯಿಂದ ಊಹಿಸಿದ್ದು ಪೇರಿಸಿದ ಉಂಗುರಗಳಲ್ಲಿ ತಲೆಕೆಳಗಾಯಿತು. ಬೆಂಗಳೂರಿನ ಬೇರಿಯಂ ಹರಳು ಕೊಟ್ಟ ಸುಳಿವೂ ಇಲ್ಲಿನದೂ ಒಂದೇ ದಿಕ್ಕಿಗೆ ಕೈತೋರಿಸುತ್ತವೆ.

ಬೆಂಗಳೂರಿನ ಇನ್ನೊಂದು ಎಳೆಯನ್ನು ಬಿಟ್ಟರೆ ಚಿತ್ರ ಅಪೂರ್ಣ. ಅಡಿಕೆ, ಕಾಳುಮೆಣಸಿನ ತೋಟದವರು ಬುಡ ಕೊಳೆಯದಿರಲೆಂದು ಗೊಬ್ಬರದಲ್ಲಿ ಬೆರೆಸುವ ಟ್ರೈಕೋಡರ್ಮಾ ಗೊತ್ತಲ್ಲ, ಅದೇ ಕುಲದ ಶಿಲೀಂಧ್ರದಿಂದ ಬರುವ 20 ಕೊಂಡಿಗಳ ಅಣು ಅಲಾಮೆಥಿಸಿನ್. ಹಲವು ಅಣುಗಳು ಗುಂಪಾಗಿ ವೃತ್ತದಲ್ಲಿ ನಿಂತು ಪೊರೆಯಲ್ಲಿ ರಂಧ್ರ ಮಾಡುತ್ತವೆ. ವೋಲ್ಟೇಜ್ ಕೊಟ್ಟಾಗ ಮಾತ್ರ ತೆರೆಯುವುದು ಅದರ ವಿಶೇಷ. ಬೆಂಗಳೂರಿನ ಪಿ. ಬಲರಾಮ್ ಮತ್ತು ಶಿಷ್ಯರು ಇದರ ತುಂಡುಗಳನ್ನು ಒಂದೊಂದಾಗಿ ಕಟ್ಟಿ ಪರೀಕ್ಷಿಸಿದರು. ಎಂ.ಕೆ. ಮ್ಯಾಥ್ಯೂ ಜೊತೆ ಸೇರಿ 1983ರಲ್ಲಿ ರಂಧ್ರ ತೆರೆಯುವ ಬಗೆಗೆ ಒಂದು ವಿವರಣೆಯನ್ನೂ ಕೊಟ್ಟರು. ಇಂಥದೇ ಇನ್ನೊಂದು ಅಣುವಾದ ಝರ್ವಮೈಸಿನ್‌ನ 16 ಕೊಂಡಿಗಳ ಮಾದರಿಯ ಸ್ಫಟಿಕ ರಚನೆ, ಅಮೆರಿಕದ ಇಸಬೆಲ್ಲಾ ಕಾರ್ಲ್ ಅವರ ಜೊತೆಗೂಡಿ, 1987ರಲ್ಲಿ ಹೊರಬಂತು.

ಇಷ್ಟರಿಂದ ರೋಗಿಗೆ ಏನು ಸಿಕ್ಕಿತು ಎಂದು ಕೇಳುವವರಿಗೆ ಲ್ಯಾಬಿನ ಯಂತ್ರವನ್ನು ಆಗಲೇ ತೋರಿಸಿಯಾಯಿತು. ಇನ್ನೊಂದು ಇದೆ. ಪೊಟ್ಯಾಸಿಯಂ ತಗ್ಗಿಸಲು ಬಹುಕಾಲದಿಂದ ಕೊಡುವ ರಾಳದ ಪುಡಿಗಳು ಕರುಳಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಗೂ ಕೈಹಾಕುತ್ತವೆ, ಆರಿಸುವ ಜಾಣ್ಮೆ ಅವಕ್ಕೆ ಕಡಿಮೆ. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೋಡಿಯಂ ಝಿರ್ಕೋನಿಯಂ ಸೈಕ್ಲೊಸಿಲಿಕೇಟ್ ಬೇರೆ ಜಾತಿಯದು. ಇದು ಖನಿಜದಂಥ ಹರಳು. ಅದರ ತುಂಬ ಸುಮಾರು 0.3 ನ್ಯಾನೊಮೀಟರ್ ಅಗಲದ ಕಿಂಡಿಗಳು, ಕಿಂಡಿಯ ಸುತ್ತ ಏಳು ಆಮ್ಲಜನಕ. ಪೊಟ್ಯಾಸಿಯಂ ಚಾನೆಲ್‌ನ ಇಕ್ಕಟ್ಟಾದ ದಾರಿಗೂ ಇದಕ್ಕೂ ಇರುವ ಹೋಲಿಕೆಯನ್ನು ಅದನ್ನು ವಿವರಿಸಿದ ವಿಜ್ಞಾನಿಗಳೇ ಎತ್ತಿ ತೋರಿಸಿದ್ದಾರೆ. ಪೊಟ್ಯಾಸಿಯಂ ಹಿಡಿದು ಬದಲಿಗೆ ಸೋಡಿಯಂ ಬಿಟ್ಟುಕೊಡುವುದರಿಂದ ಮೈ ಊದಿಕೊಳ್ಳುವವರಲ್ಲಿ ಎಚ್ಚರ ಬೇಕು. ಹೃದಯಕ್ಕೆ ಅಪಾಯ ಬಂದ ತುರ್ತು ಹೊತ್ತಿನ ಮದ್ದೂ ಇದಲ್ಲ. ಡಾಕ್ಟರು ಬರೆದುಕೊಟ್ಟರೆ ಮಾತ್ರ. ಹಾಗೆಯೇ, ಬಿ.ಪಿ. ಇದೆಯೆಂದು ಅಂಗಡಿಯಿಂದ ‘ಕಡಿಮೆ ಸೋಡಿಯಂ’ ಉಪ್ಪು ತರುವ ಮೂತ್ರಪಿಂಡದ ರೋಗಿಗಳು ಪೊಟ್ಟಣದ ಹಿಂಬದಿ ಓದಬೇಕು. ತೆಗೆದ ಸೋಡಿಯಂ ಜಾಗಕ್ಕೆ ಅದರಲ್ಲಿ ಹಾಕಿರುವುದು ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್.

ಕೃತಕ ಚಾನೆಲ್‌ಗಳಿಂದ ಹುಟ್ಟುರೋಗಗಳು ಇನ್ನೇನು ವಾಸಿಯಾಗಲಿವೆ ಎಂಬ ಸುದ್ದಿಗಳನ್ನು ಸದ್ಯಕ್ಕೆ ನಂಬಬೇಕಿಲ್ಲ. ಕ್ರೌನ್ ಉಂಗುರಗಳ ಆಯ್ಕೆ ಜೀವಕೋಶದ ಚಾನೆಲ್‌ನ ಹತ್ತಿರಕ್ಕೂ ಬಂದಿಲ್ಲ, ಅಲ್ಲದೆ ಯಾವ ಕೋಶದಲ್ಲಿ ತೆರೆಯಬೇಕು, ಯಾವುದರಲ್ಲಿ ಕೂಡದು ಎಂಬ ಅಂಕೆಯೂ ಅವಕ್ಕಿಲ್ಲ. ಎಲ್ಲ ಕೋಶಗಳಲ್ಲೂ ಪೊಟ್ಯಾಸಿಯಂ ದಾರಿ ತೆರೆದರೆ ಏನಾಗುತ್ತದೆ ಎಂಬುದಕ್ಕೆ ಸೆರ್ಯುಲೈಡ್ ಸಾಕ್ಷಿ.

ಗದ್ದೆಗೂ ಈ ವಿಷಯಕ್ಕೂ ಸಂಬಂಧವಿದೆ. ಪಂಚಗಂಗಾವಳಿಯ ಸುತ್ತ, ಹೊಳೆಗಳಿಗೆ ಉಬ್ಬರದ ನೀರು ಏರುವ ಕಡೆಗಳಲ್ಲಿ, ಭತ್ತದ ಗದ್ದೆಗೆ ಉಪ್ಪುನೀರು ನುಗ್ಗಿದರೆ ಪೈರು ಸುಡುತ್ತದೆ. ಸೋಡಿಯಂ ಎಲೆಗೇರಿ ಪೊಟ್ಯಾಸಿಯಂ ಮಾಡಬೇಕಾದ ಕೆಲಸಕ್ಕೆ ಅಡ್ಡ ಬರುವುದು ಇದಕ್ಕೆ ದೊಡ್ಡ ಕಾರಣ. ಬಂಗಾಳದ ನೋನಾ ಬೊಕ್ರಾ ಎಂಬ ಉಪ್ಪು ತಾಳುವ ತಳಿಯಲ್ಲಿ ಇದಕ್ಕೆ ತಡೆಯೊಡ್ಡುವ ಜೀನನ್ನು ಚೀನಾದ ವಿಜ್ಞಾನಿಗಳು 2005ರಲ್ಲಿ ಗುರುತಿಸಿದರು. ಅದು ತಯಾರಿಸುವ ಪ್ರೋಟೀನು ಬೇರಿನಿಂದ ಮೇಲಕ್ಕೆ ಹೊರಟ ಸೋಡಿಯಂ ಅನ್ನು ದಾರಿಯಲ್ಲೇ ಹಿಂದಕ್ಕೆ ಸೆಳೆದು ಎಲೆಯನ್ನು ಕಾಯುತ್ತದೆ. ಈ ಕುಟುಂಬದ ಪ್ರೋಟೀನುಗಳ ದಾರಿ ಪೊಟ್ಯಾಸಿಯಂ ಚಾನೆಲ್‌ನ ದಾರಿಯ ಪಡಿಯಚ್ಚಿನಂತಿದೆ. ಒಂದು ನಿರ್ದಿಷ್ಟ ಸ್ಥಾನದಲ್ಲಿ ಗ್ಲೈಸಿನ್ ಇದ್ದರೆ ಪೊಟ್ಯಾಸಿಯಂ ದಾಟಬಲ್ಲದು, ಅದೇ ಸ್ಥಾನದಲ್ಲಿ ಸೆರಿನ್ ಬಂದರೆ ಒಲವು ಸೋಡಿಯಂ ಕಡೆಗೆ ತಿರುಗುತ್ತದೆ. ಒಂದು ಕೊಂಡಿಯ ವ್ಯತ್ಯಾಸ ಎಂದು 2002ರಲ್ಲೇ ತೋರಿಸಿಯಾಗಿದೆ. ಕೇರಳದ ಪೊಕ್ಕಾಲಿ ಭತ್ತದಿಂದ ಉಪ್ಪು ತಾಳುವ ಗುಣವನ್ನು ಬೇರೆ ತಳಿಗಳಿಗೆ ದಾಟಿಸುವ ಕೆಲಸ ದೇಶದಲ್ಲಿ ನಡೆದಿದೆ. ಕರಾವಳಿಯ ಕೆಂಪು ಕುಚ್ಚಲಕ್ಕಿಯ ತಳಿಗಳಿಗೂ ಅದು ಬೇಕು, ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಂಥ ಕಡೆ ಅದಕ್ಕೆ ಹಣ ಬರಬೇಕು. ತಳಿ ಕೈಗೆ ಬರುವಷ್ಟರಲ್ಲಿ ಹಲವು ಬೇಸಿಗೆಗಳು ಕಳೆಯುತ್ತವೆ. ಅಷ್ಟರವರೆಗೆ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುವ ಕೆಲಸವನ್ನು, ಹೊಳೆಯ ಹರಿವು ಇಳಿದು ಉಬ್ಬರದ ನೀರು ಮೇಲೇರುವ ಮುಂಚೆಯೇ, ಪ್ರತಿ ವರ್ಷ ಮುಗಿಸುವುದು ಇಲಾಖೆ ಮತ್ತು ಪಂಚಾಯತಿಗಳ ಪಾಲಿನದು.